ಮೆಷಿನ್ ಕೂರಿಸಿದ ಮೇಲೆ ಮಾಡೆಲ್ ಬರೆಯುವವರಿಗೆ

ಇವತ್ತು ಮೈಸೂರಿನ ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಡೆ ಸ್ಮಾರ್ಟ್ ಫ್ಯಾಕ್ಟರಿ ತೋರಿಸ್ತೀವಿ ಬನ್ನಿ ಅಂತ ಕರೆದಿದ್ದರು. ಹೋಗಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಉದ್ದನೆಯ ಪೋಸ್ಟ್. ಬೇಡದವರು ಈಗಲೇ ಮುಂದಕ್ಕೆ ಹೋಗಿಬಿಡಿ.

ಗೋಡೆ ತುಂಬ ಟಿವಿ. ಅದರಲ್ಲಿ ಇಡೀ ಲೈನ್ ತ್ರೀಡಿಯಲ್ಲಿ ಓಡುತ್ತಿದೆ. ರೋಬೊ ಬಗ್ಗುತ್ತೆ, ಕನ್ವೇಯರ್ ಸಾಗುತ್ತೆ, ಮೇಲೆ ನೀಲಿ ಬೆಳಕು ಬೇರೆ. ಎಲ್ಲರೂ ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಂಡಿದ್ದೇ ಮಾಡಿಕೊಂಡಿದ್ದು. ಮೆಷಿನ್ ಓಡಿಸುವ ಕಂಟ್ರೋಲರ್‌ಗೆ ಪಿಎಲ್‌ಸಿ ಅಂತೀವಿ. ನಾನು ಒಂದೇ ಪ್ರಶ್ನೆ ಕೇಳಿದೆ: "ಈ ಮಾಡೆಲ್‌ನಿಂದ ಪಿಎಲ್‌ಸಿ ಪ್ರೋಗ್ರಾಂ ಬಂತಾ, ಇಲ್ಲಾ ಮೆಷಿನ್ ನೋಡ್ಕೊಂಡು ಮಾಡೆಲ್ ಬರೆದ್ರಾ?"

"ಇಲ್ಲ ಸರ್, ಲೈನ್ ಶುರುವಾದ ಮೇಲೆ ಬೇರೆ ಟೀಮ್ ಮಾಡಿದ್ದು."

ಮುಗೀತು. ಕಾಫಿ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನಾನು ಪ್ಯಾನೆಲ್ ವೈರಿಂಗ್‌ನಿಂದ ಮೇಲೆ ಬಂದವನು, ನಿಮಗೆ ಗೊತ್ತೇ ಇದೆ. ಟಿವಿ ಬಿಟ್ಟು ಹಿಂದೆ ಹೋಗಿ ಪ್ಯಾನೆಲ್ ಬಾಗಿಲು ತೆಗೆಸಿದೆ. ಒಳಗೆ ಅಂಟಿಸಿದ್ದ ಡ್ರಾಯಿಂಗ್‌ನಲ್ಲಿ ಒಂದು ಸೆನ್ಸರ್ ಹೆಸರು ಬಿ 7. ವೈರ್ ತುದಿಯ ಫೆರೂಲ್ ಮೇಲೆ ಎಕ್ಸ್ 12. ಆಪರೇಟರ್ ಸ್ಕ್ರೀನ್‌ನಲ್ಲಿ 'ಇನ್‌ಫೀಡ್ ಪಾರ್ಟ್ ಓಕೆ'. ಮೂರೂ ಒಂದೇ ಸೆನ್ಸರ್! ಆ ಸೆನ್ಸರ್ರೋ, ಬ್ರಾಕೆಟ್ ಬಿಟ್ಟು ಒಂದು ಗೇಣು ಆಚೆ ಕೇಬಲ್ ಟೈನಲ್ಲಿ ಕಟ್ಟಿಸಿಕೊಂಡು ಕೂತಿದೆ. ಮೇಂಟೆನೆನ್ಸ್‌ನವರು ರಾತ್ರಿ ಶಿಫ್ಟ್‌ನಲ್ಲಿ ಸರಿಸಿದ್ದಂತೆ. ಟಿವಿಯಲ್ಲಿ ಅದು ಇನ್ನೂ ಹಳೇ ಜಾಗದಲ್ಲೇ ಮಿನುಗುತ್ತಿದೆ.

ಇದಕ್ಕೆ ಡಿಜಿಟಲ್ ಟ್ವಿನ್, ಅಂದರೆ ನಿಜವಾದ ಲೈನ್‌ನ ಕಂಪ್ಯೂಟರ್ ಅವಳಿ, ಅಂತ ಬೋರ್ಡು.

ಮಾಡೆಲ್ ಇಟ್ಟುಕೊಂಡು ಡಿಸೈನ್ ಮಾಡೋದು ಅಂದರೆ ಚಿತ್ರ ಚೆನ್ನಾಗಿ ಬರೆಯೋದಲ್ಲ ಸ್ವಾಮಿ. ಆ ಸೆನ್ಸರ್ ಏನು, ಎಲ್ಲಿದೆ, ಯಾಕಿದೆ ಅಂತ ಒಂದು ಕಡೆ ಬರೆದರೆ ಐಒ ಲಿಸ್ಟು (ಪಿಎಲ್‌ಸಿಗೆ ಒಳಬರುವ, ಹೊರಹೋಗುವ ಸಿಗ್ನಲ್‌ಗಳ ಪಟ್ಟಿ), ಪಿಎಲ್‌ಸಿ ಟ್ಯಾಗು (ಪ್ರೋಗ್ರಾಂನಲ್ಲಿ ಆ ಸಿಗ್ನಲ್‌ನ ಹೆಸರು), ಸ್ಕ್ರೀನು, ಅಲಾರಂ ಎಲ್ಲ ಅಲ್ಲಿಂದಲೇ ಹೊರಡಬೇಕು. ಬದಲಾಯಿಸಿದರೂ ಅಲ್ಲೇ ಬದಲಾಯಿಸಬೇಕು. ಇದು ಹೊಸ ವಿದ್ಯೆಯೂ ಅಲ್ಲ. ಸಿಸ್ಟಮ್‌ನ ಭಾಗಗಳನ್ನೂ ನಡವಳಿಕೆಯನ್ನೂ ಬರೆಯೋಕೆ ಸಿಸ್‌ಎಂಎಲ್ ಅನ್ನೋ ಮಾಡೆಲಿಂಗ್ ಭಾಷೆ 2007ರಿಂದ ಇದೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಟ್ರೋಲ್ ಮೂರೂ ಕಡೆಯ ಮಾಹಿತಿ ಒಂದೇ ಫಾರ್ಮ್ಯಾಟ್‌ನಲ್ಲಿ ಕೊಟ್ಟು ತೆಗೆದುಕೊಳ್ಳೋಕೆ ಆಟೊಮೇಷನ್‌ಎಂಎಲ್ ಇದೆ, ಐಇಸಿ 62714 ಅಂತ ಸ್ಟ್ಯಾಂಡರ್ಡೇ ಆಗಿದೆ. ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಇಂಡಸ್ಟ್ರಿ 4.0 (ಮೆಷಿನ್, ಕಂಪ್ಯೂಟರ್ ಎಲ್ಲ ಒಂದಕ್ಕೊಂದು ಜೋಡಿಸಿದ ಫ್ಯಾಕ್ಟರಿ) ಅಂತ ಕೂಗಿದ್ದು 2011ರಲ್ಲಿ. ನಾವಿನ್ನೂ 'ಐಒಲಿಸ್ಟ್ ಫೈನಲ್ ಹೊಸದು 2' ಅನ್ನೋ ಎಕ್ಸೆಲ್ ಶೀಟನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ತಾ ಇದ್ದೀವಿ.

ಮೊದಲೇ ಬರೆದರೆ ಏನು ಲಾಭ ಅಂತೀರಾ? ರೋಬೊ ಒಬ್ಬರದು, ಕನ್ವೇಯರ್ ಇನ್ನೊಬ್ಬರದು. ಎರಡೂ ಬೇರೆ ಬೇರೆಯಾಗಿ ಲಕ್ಷಣವಾಗಿ ಓಡುತ್ತವೆ. ಜೋಡಿಸಿದ ದಿನ ನಿಂತುಬಿಡುತ್ತವೆ. ರೋಬೊ "ಕನ್ವೇಯರ್ ರೆಡಿ ಅನ್ನಲಿ" ಅಂತ ಕಾಯುತ್ತೆ. ಕನ್ವೇಯರ್ "ರೋಬೊ ಜಾಗ ಖಾಲಿ ಮಾಡಲಿ" ಅಂತ ಕಾಯುತ್ತೆ. ನಮ್ಮೂರ ಮದುವೆ ಪಂಕ್ತಿಯಲ್ಲಿ "ನೀವು ಮೊದಲು ಕೂತ್ಕೊಳ್ಳಿ, ಅಯ್ಯೋ ನೀವು ಕೂತ್ಕೊಳ್ಳಿ" ಅಂತ ಇಬ್ಬರೂ ನಿಂತೇ ಇರ್ತಾರಲ್ಲ, ಹಾಗೆ. ಎರಡರ ಸ್ಟೇಟ್ ಮಷಿನ್, ಅಂದರೆ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಯಾವಾಗ ಹೋಗಬೇಕು ಅನ್ನೋ ನಕ್ಷೆ, ಬರೆದು ಚೆಕ್ ಮಾಡಿಸಿದ್ದರೆ ಕಂಪ್ಯೂಟರೇ ಈ ಜಾಗ ತೋರಿಸಿಕೊಡುತ್ತಿತ್ತು, ಕಬ್ಬಿಣ ಕತ್ತರಿಸುವ ಮೊದಲೇ.

ಕರೆಂಟ್ ವಿಷಯ ತಗೊಳ್ಳಿ. ರೋಬೊ ಪಾರ್ಟ್ ಎತ್ತಿ ಹಿಡಿದಿರುವಾಗ ಕರೆಂಟ್ ಹೋಯಿತು. ಗ್ರಿಪ್ಪರ್ ಹಿಡಿದೇ ಇರಬೇಕಾ, ಬಿಡಬೇಕಾ? ಬಂದ ಮೇಲೆ ಮೆಷಿನ್ ತಾನಾಗಿ ಹೊರಡಬಾರದು, ಅದು ಸೇಫ್ಟಿಯ ಮೊದಲ ಪಾಠ. ಆದರೆ ಯಾವ ಸ್ಟೆಪ್‌ನಿಂದ ಮತ್ತೆ ಶುರು? ಮಾಡೆಲ್ ಬರೆಯಲು ಕೂತರೆ ಪ್ರತಿ ಸ್ಟೇಟ್‌ಗೂ ಈ ಪ್ರಶ್ನೆ ಎದುರಿಗೇ ಬಂದು ನಿಲ್ಲುತ್ತೆ. ಬರೆಯದಿದ್ದರೆ ರಾತ್ರಿ ಪಾಳಿಯ ಆಪರೇಟರ್ ಹುಡುಗ ಉತ್ತರ ಕೊಡಬೇಕು.

"ಗುರು, ನಮ್ಮ ಸಣ್ಣ ಶಾಪ್‌ಗಳಿಗೆ ಇದೆಲ್ಲ ಎಲ್ಲಿ ಆಗುತ್ತೆ? ಕಸ್ಟಮರ್‌ಗೆ ಯುಗಾದಿಗೇ ಮೆಷಿನ್ ಬೇಕು" ಅಂತ ಕೂರ್ಗಳ್ಳಿ ಗೆಳೆಯರು ಕಾಮೆಂಟ್ ಹಾಕ್ತೀರಿ, ಗೊತ್ತು. ಒಂದು ಡ್ರಿಲ್ಲಿಂಗ್ ಫಿಕ್ಸ್ಚರ್‌ಗೆ ಬೇಡ, ಒಪ್ಪಿದೆ. ಆದರೆ ಯುಗಾದಿಗೆ ಕೊಟ್ಟ ಮೆಷಿನ್ ಪಕ್ಕ ಆಷಾಢದ ತನಕ ಲ್ಯಾಪ್‌ಟಾಪ್ ಹಿಡಿದು ಕೂತಿರ್ತೀರಲ್ಲ, ಆ ಖರ್ಚು ಯಾವ ಲೆಕ್ಕಕ್ಕೆ? ನೂರು ಡಯಾಗ್ರಾಂ ಬರೆದು ಫೈಲಿನಲ್ಲಿ ಮುಚ್ಚಿಡುವ ಮಹಾನುಭಾವರೂ ಇದ್ದಾರೆ ಅಂತೀರಿ. ಇದ್ದಾರೆ. ಅವರೂ ಈ ಟಿವಿಯವರೂ ಒಂದೇ ಜಾತಿ. ಇಬ್ಬರ ಮಾಡೆಲ್‌ನಿಂದಲೂ ಒಂದು ಟ್ಯಾಗ್ ಸಹ ಹುಟ್ಟುವುದಿಲ್ಲ.

ನಿಜ ಹೇಳಲಾ? ರಾತ್ರಿ ಫೋನ್ ಬಂದು, ಹೋಗಿ ಲ್ಯಾಡರ್‌ನಲ್ಲಿ (ಪಿಎಲ್‌ಸಿಯ ಏಣಿಯಂಥ ಚಿತ್ರದ ಪ್ರೋಗ್ರಾಂ) ಒಂದು ಕಾಂಟ್ಯಾಕ್ಟ್ ಬದಲಾಯಿಸಿ ಲೈನ್ ಓಡಿಸಿದರೆ "ಸರ್ ಬಂದ್ರು, ಸರಿ ಹೋಯ್ತು" ಅಂತಾರಲ್ಲ, ಅದು ನನಗೂ ತುಂಬಾ ಇಷ್ಟ. ಎಲ್ಲ ಮಾಡೆಲ್‌ನಲ್ಲೇ ಸರಿಯಾಗಿಬಿಟ್ಟರೆ ನಮ್ಮಂಥವರನ್ನು ಯಾರು ಕರೀತಾರೆ? ನಮ್ಮ ಫೀಲ್ಡ್‌ನಲ್ಲಿ ಇದು ಬೇಗ ಬರದಿರೋದಕ್ಕೆ ಸಾಫ್ಟ್‌ವೇರ್ ರೇಟು ಒಂದೇ ಕಾರಣ ಅಲ್ಲ, ಅಷ್ಟು ಮಾತ್ರ ಹೇಳ್ತೀನಿ.

ಹೊಸ ಲೈನ್‌ಗೆ ಕೊಟೇಶನ್ ಕೇಳಿದ್ದೀವಿ. ಈ ಸಲ ಎರಡು ಸಾಲು ಸೇರಿಸಿದ್ದೇನೆ: ಐಒ ಲಿಸ್ಟು ಮಾಡೆಲ್‌ನಿಂದಲೇ ಬರಬೇಕು, ಮಾಡೆಲ್‌ನ ಮೂಲ ಫೈಲ್ ನಮ್ಮ ಕೈಗೆ ಕೊಡಬೇಕು. ಒಬ್ಬರು ಫೋನ್ ಮಾಡಿ "ಸರ್, ಅದಕ್ಕೆ ಬೇರೆ ರೇಟ್ ಆಗುತ್ತೆ" ಅಂದರು. ಆಗಲಿ, ಹೇಳಿ ಅಂದೆ. ತ್ರೀಡಿ ವಿಡಿಯೊ ಮಾತ್ರ ಫ್ರೀಯಾಗಿ ಕೊಡ್ತಾರಂತೆ.