ಒಳ್ಳೆಯವರಿಗೆ ಮಾತ್ರ ಸಿಗುವ ಕೀಲಿಕೈ

ಅಮೆರಿಕದ ತನಿಖಾಧಿಕಾರಿಗಳು ಮೂವತ್ತು ವರ್ಷಗಳಿಂದ ಬೇಡುತ್ತಿರುವುದು ಇಷ್ಟೇ: ಎಲ್ಲರ ಫೋನು, ಸಂದೇಶಗಳ ಬೀಗಕ್ಕೂ ಇನ್ನೊಂದು ಕೀಲಿಕೈ ಮಾಡಿಕೊಡಿ, ನಾವು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. ಕೊಡಬಾರದೆಂದೇನಿಲ್ಲ. ಕೈಯಲ್ಲಿದ್ದ ಕೀಲಿಕೈಗೆ ಏನಾಯಿತು ಎಂದು ಒಮ್ಮೆ ನೋಡಿಬಿಡೋಣ.

2015ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನರನ್ನು ಕೊಂದ ಇಬ್ಬರಲ್ಲಿ ಒಬ್ಬನ ಐಫೋನ್ 5ಸಿ, ಪಾಸ್‌ಕೋಡ್ ಬೀಗದ ಸಮೇತ, ಎಫ್‌ಬಿಐ ಕೈಗೆ ಬಂತು. ಚಾರ್ಜಿಗೆ ಹಾಕಿ, ಅದಕ್ಕೆ ಗೊತ್ತಿದ್ದ ವೈಫೈ ಹತ್ತಿರ ಸುಮ್ಮನೆ ಇಟ್ಟಿದ್ದರೆ ಅದು ತಾನಾಗಿ ಆ್ಯಪಲ್‌ನ ಆನ್‌ಲೈನ್ ಉಗ್ರಾಣವಾದ ಐಕ್ಲೌಡ್‌ಗೆ ತನ್ನ ನಕಲನ್ನು, ಅಂದರೆ ಬ್ಯಾಕಪ್, ಕಳಿಸುವ ಸಾಧ್ಯತೆ ಇತ್ತು. ಆ್ಯಪಲ್ ಹಳೆಯ ಬ್ಯಾಕಪ್‌ಗಳನ್ನು ಆಗಲೇ ಕೊಟ್ಟಿತ್ತು, ಇದನ್ನೂ ಕೊಡುತ್ತಿತ್ತು. ಸುಮ್ಮನಿರುವುದು ಇಲಾಖೆಗಳಿಗೆ ಒಗ್ಗುವ ಕೆಲಸವೇ? ಎಫ್‌ಬಿಐ ಹೇಳಿತು, ಅವನಿಗೆ ಕೆಲಸವನ್ನೂ ಫೋನನ್ನೂ ಕೊಟ್ಟಿದ್ದ ಕೌಂಟಿ (ಜಿಲ್ಲಾಡಳಿತ) ಕಚೇರಿ ಐಕ್ಲೌಡ್ ಪಾಸ್‌ವರ್ಡ್ ಬದಲಿಸಿತು. ಇನ್ನು ಹೊಸ ಪಾಸ್‌ವರ್ಡನ್ನು ಫೋನಿನಲ್ಲಿ ಒತ್ತದೆ ಬ್ಯಾಕಪ್ ಆಗದು. ಒತ್ತಲು ಫೋನ್ ತೆರೆಯಬೇಕು. ಫೋನ್ ತೆರೆಯದ್ದಕ್ಕೇ ತಾನೇ ಬ್ಯಾಕಪ್ ಬೇಕಾಗಿದ್ದು!

ಸರಿ, ಕೋರ್ಟಿಗೆ ಹೋದರು. ಪಾಸ್‌ಕೋಡ್ ಹತ್ತು ಸಲ ತಪ್ಪಿದರೆ ಎಲ್ಲವನ್ನೂ ಅಳಿಸುವ ವ್ಯವಸ್ಥೆಯನ್ನೂ, ಒಂದು ತಪ್ಪಿಗೂ ಇನ್ನೊಂದಕ್ಕೂ ನಡುವೆ ಕಾಯಿಸುವ ವ್ಯವಸ್ಥೆಯನ್ನೂ ಆ್ಯಪಲ್ ತೆಗೆದುಹಾಕಬೇಕಂತೆ. ಚಿಕ್ಕ ಉಪಕಾರ. ಒಂದು ಪಾಸ್‌ಕೋಡ್ ಪರೀಕ್ಷೆಗೆ ಸುಮಾರು 80 ಮಿಲಿಸೆಕೆಂಡ್ ಸಾಕು. ಆ ಎರಡು ಅಡ್ಡಿ ಇಲ್ಲದಿದ್ದರೆ ನಾಲ್ಕಂಕಿಯ ಹತ್ತು ಸಾವಿರ ಸಂಖ್ಯೆಗಳೂ 13 ನಿಮಿಷದಲ್ಲಿ ಮುಗಿಯುತ್ತವೆ, ಆರಂಕಿಯಾದರೆ 22 ಗಂಟೆ ಮತ್ತು ಒಂದಿಷ್ಟು ನಿಮಿಷ. ಅಂದರೆ ಇವರು ಬೀಗವನ್ನೇನೂ ಮುಟ್ಟುವುದಿಲ್ಲ, ಬಾಗಿಲನ್ನಷ್ಟೇ ಕಿತ್ತುಕೊಡಿ ಎನ್ನುತ್ತಾರೆ.

ವಿಚಾರಣೆಗೆ ಒಂದು ದಿನ ಮೊದಲು ಎಫ್‌ಬಿಐಗೆ ಬೇರೆ ದಾರಿ ಸಿಕ್ಕಿಬಿಟ್ಟಿತು. ನ್ಯಾಯಾಂಗ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2018ರಲ್ಲಿ ಕೊಟ್ಟ ವರದಿ ಇನ್ನೂ ಸ್ವಾರಸ್ಯ: ಎಫ್‌ಬಿಐನದೇ ಒಂದು ಘಟಕಕ್ಕೆ ಗೊತ್ತಿದ್ದ ಹೊರಗಿನ ಕಂಪನಿ ಇಂಥ ಫೋನ್ ತೆರೆಯುವ ಕೆಲಸವನ್ನು ಶೇ. 90ರಷ್ಟು ಮುಗಿಸಿತ್ತು, ಆ ಘಟಕವನ್ನು ಮೊದಲೇ ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಫೋನ್ ತೆರೆದಾಗ ಪಕ್ಕದ ಘಟಕದ ಮುಖ್ಯಸ್ಥರಿಗೆ ಬೇಸರ, ಆ್ಯಪಲ್ ಮೇಲಿನ ಮೊಕದ್ದಮೆ ಕೈತಪ್ಪಿತಲ್ಲ ಎಂದು.

ತೆರೆಯಲಾಗದ ಫೋನುಗಳು ಸುಮಾರು 7,800 ಇವೆ ಎಂದು ಎಫ್‌ಬಿಐ ಊರಿಗೆಲ್ಲ ಹೇಳಿಕೊಂಡು ಬಂದಿತ್ತು. ಮೂರು ದತ್ತಾಂಶ ಕೋಶಗಳಲ್ಲಿದ್ದದ್ದನ್ನು ಮತ್ತೆ ಮತ್ತೆ ಎಣಿಸಿದ್ದರು. ನಿಜವಾದ ಲೆಕ್ಕ ಒಂದರಿಂದ ಎರಡು ಸಾವಿರದೊಳಗೆ ಇರಬಹುದು ಎಂಬುದು 2018ರಲ್ಲಿ ಹೊರಬಿತ್ತು. ಫೋನು ಎಣಿಸಲು ಬಾರದಿದ್ದರೇನಂತೆ, ಕೀಲಿಕೈ ಎಣಿಸಿಕೊಂಡಿರುತ್ತಾರೆ.

ಜೋಪಾನದ ಮಾತಿಗೆ ಬಂದರೆ, ಪೊಲೀಸರು ಕೇಳಿದಾಗ ಕರೆ ಆಲಿಸಲು ಅನುವಾಗುವಂತೆ ಜಾಲ ಕಟ್ಟಬೇಕೆಂದು ಟೆಲಿಫೋನ್ ಕಂಪನಿಗಳಿಗೆ 1994ರಲ್ಲೇ ಕಾನೂನಾಗಿದೆ. 2024ರಲ್ಲಿ ಚೀನಾ ಸರ್ಕಾರದ ನಂಟಿನ ಹ್ಯಾಕರ್‌ಗಳು ಆ ಕಂಪನಿಗಳೊಳಗೆ ನುಗ್ಗಿ, ಕೋರ್ಟ್ ಆದೇಶದ ಮೇಲೆ ಪೊಲೀಸರು ಕೇಳಿದ್ದ ಮಾಹಿತಿಯನ್ನೂ ನಕಲು ಮಾಡಿಕೊಂಡರು. ಅವರ ಹತ್ತಿರ ವಾರಂಟ್ ಇರಲಿಲ್ಲ, ಬಾಗಿಲೂ ತಟ್ಟಲಿಲ್ಲ.

ಆಮೇಲೆ ಅಧಿಕಾರಿಗಳು ಪ್ರಜೆಗಳಿಗೆ ಕೊಟ್ಟ ಸಲಹೆ: ದಯವಿಟ್ಟು ಎನ್‌ಕ್ರಿಪ್ಟ್ ಆದ, ಅಂದರೆ ನಡುವೆ ಕದ್ದವರಿಗೆ ಅರ್ಥವಾಗದಂತೆ ಮಾತಿಗೆ ಬೀಗ ಹಾಕುವ, ಆ್ಯಪ್‌ಗಳಲ್ಲೇ ಮಾತಾಡಿ. ಜೊತೆಗಿದ್ದ ಎಫ್‌ಬಿಐ ಅಧಿಕಾರಿ ಮಾತ್ರ ಎನ್‌ಕ್ರಿಪ್ಶನ್ ‘ಜವಾಬ್ದಾರಿಯಿಂದ ನಿರ್ವಹಿಸಿದ್ದು’ ಆಗಿರಲಿ ಎಂದರು. ಅಂದರೆ ಕೋರ್ಟ್ ಆದೇಶ ಬಂದಾಗ ಕಂಪನಿ ತೆರೆದುಕೊಡುವಂಥದ್ದು, ಅದೇ 1994ರ ಏರ್ಪಾಡಿನ ಹಾಗೆ.