ಫುಸ್ ಅನ್ನೋದಕ್ಕೆ ಎಮಿಷನ್ ಟೆಸ್ಟ್ ಇಲ್ಲ

ಏಪ್ರಿಲ್ ಬಂತು ಅಂದ್ರೆ ಸಾಕು, ನಮ್ಮನೆ ಎಸಿಯ ಗ್ಯಾಸ್ ಖಾಲಿ. ಒಲೆಯ ಗ್ಯಾಸ್ ಖಾಲಿಯಾದರೆ ಒಪ್ಪೋಣ, ಅದು ಉರಿದು ಹೋಗುತ್ತದೆ. ಎಸಿ ಗ್ಯಾಸು ತಾಮ್ರದ ಪೈಪಿನೊಳಗೇ ಸುತ್ತುತ್ತಾ ಇರುತ್ತದೆ. ಖರ್ಚಾಗುವ ಮಾತೇ ಇಲ್ಲ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ಮೆಕ್ಯಾನಿಕ್‌ಗೆ ಇದನ್ನೇ ಹೇಳಿದೆ. "ಲೀಕ್ ಹುಡುಕ್ತಾ ಕೂತ್ರೆ ಅರ್ಧ ದಿನ ಹೋಗುತ್ತೆ ಸಾರ್. ಮುಂದಿನ ವರ್ಷ ಮತ್ತೆ ತುಂಬಿಸಿದ್ರಾಯ್ತು" ಎಂದ.

ತಾರಸಿಗೆ ಹೋಗಿ, ಔಟ್‌ಡೋರ್ ಯೂನಿಟ್ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವ್ ತಿರುಗಿಸಿದ. ಉಳಿದಿದ್ದ ಹಳೇ ಗ್ಯಾಸು ಫುಸ್ಸ್ ಅಂತ ಆಕಾಶಕ್ಕೆ ಹೋಯಿತು. ವಾಲ್ವಿನ ಬಾಯಿಗೆ ಬೆಳ್ಳಗೆ ಮಂಜು ಕಟ್ಟಿತು. ಟ್ಯಾಂಕ್ ಮೇಲಿದ್ದ ಪಾರಿವಾಳ ಹಾರಿಹೋಯಿತು.

"ಇದನ್ನ ಸಿಲಿಂಡರ್‌ಗೆ ಎಳ್ಕೊಳ್ಳೋ ಮಿಷನ್ ಇರುತ್ತಲ್ವಾ?"

"ಇರುತ್ತೆ ಸಾರ್. ಬೈಕಲ್ಲಿ ಹೆಂಗೆ ತರ್ಲಿ?"

ನಮ್ಮದು ಹಳೇ ಎಸಿ, ಒಳಗಿರುವುದು ಆರ್-22. ಓಝೋನ್ ಪದರಕ್ಕೂ ಆಗದ ಗ್ಯಾಸ್ ಇದು. ಭೂಮಿ ಬಿಸಿಯಾಗುವ ಲೆಕ್ಕದಲ್ಲಿ, ಒಂದು ಕೆಜಿ ಬಿಟ್ಟರೆ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಸುಮ್ನೆ ಕೂತು ಲೆಕ್ಕ ಹಾಕಿದೆ. ನನ್ನ ಸ್ಕೂಟರ್ 35,000 ಕಿಲೋಮೀಟರ್ ಓಡಿದರೆ ಅಷ್ಟಾಗುತ್ತದೆ. ಆ ಬಡಪಾಯಿ ಸ್ಕೂಟರಿನ ಸೈಲೆನ್ಸರಿಗೆ ಕೊಳವೆ ತುರುಕಿ, ನಂಬರ್ ಪ್ಲೇಟ್ ಫೋಟೋ ತೆಗೆದು ಚೀಟಿ ಕೊಡುತ್ತಾರೆ. ಚೀಟಿ ಇಲ್ಲದಿದ್ದರೆ ದಂಡ. ತಾರಸಿಯ ಫುಸ್‌ಗೆ ಯಾವ ಚೀಟಿಯೂ ಇಲ್ಲ.

ಇಂಥ ಗ್ಯಾಸಿಗೆ ನಿಯಮ ಇಲ್ಲ ಅಂತಲ್ಲ. 2000ದಿಂದಲೇ ಇದೆ. ತಯಾರಿಸಲು ನೋಂದಣಿ, ಆಮದಿಗೆ ಲೈಸೆನ್ಸ್, ಮಾರಿದ್ದಕ್ಕೆ ಲೆಕ್ಕ. 2025ರ ಜನವರಿಯಿಂದ ಹೊಸ ಎಸಿ ತಯಾರಿಕೆಯಲ್ಲಿ ಆರ್-22 ಬಳಸುವಂತಿಲ್ಲ, ಹಳೇದರ ರಿಪೇರಿಗೆ ಮಾತ್ರ ಇನ್ನೂ ಸಿಗುತ್ತದೆ. ಹೀಗೆ ಬಂದರಿನಿಂದ ಅಂಗಡಿವರೆಗೆ ಮಂತ್ರಿಯ ಕಾರಿನಂತೆ ಬೆಂಗಾವಲಲ್ಲಿ ಬರುವ ಗ್ಯಾಸು, ನಮ್ಮ ಮೂರನೇ ಮಹಡಿ ಹತ್ತಿದ ಮೇಲೆ ಅನಾಥ.

ಇನ್ನು ಇದರ ಕೊನೆಗಾಲ ಗುಜರಿಯವನ ಕೈಯಲ್ಲಿ. ಅವನ ತಕ್ಕಡಿಯಲ್ಲಿ ತಾಮ್ರಕ್ಕೆ ತೂಕ ಇದೆ, ಗ್ಯಾಸಿಗೆ ಇಲ್ಲ. ಕಟಿಂಗ್ ಪ್ಲೇಯರ್ ಹಾಕಿ ಪೈಪ್ ಕತ್ತರಿಸುತ್ತಾನೆ. ಮತ್ತೊಂದು ಫುಸ್.

ಸೆಪ್ಟೆಂಬರ್ 16 ಓಝೋನ್ ದಿನ. ಅವತ್ತು ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ. ಭೂಮಿಗೆ ಛತ್ರಿ ಹಿಡಿದ ಚಿತ್ರಕ್ಕೇ ಬಹುಮಾನ ಗ್ಯಾರಂಟಿ. ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತವನನ್ನು ಯಾವ ಮಗುವೂ ಬರೆದದ್ದು ನೋಡಿಲ್ಲ.

ಹೊಸ ಗ್ಯಾಸ್ ತುಂಬಿಸಿದ್ದಾಯಿತು. ರೂಮ್ ತಣ್ಣಗಾಯಿತು. ಬಿಲ್ ಕೇಳಿದರೆ ಬಾಯಲ್ಲೇ ಹೇಳಿದ. ಕಾಫಿ ಕುಡಿದು ಹೋಗಪ್ಪಾ ಅಂದೆ.

"ಬೇಡ ಸಾರ್, ಟೈಮಿಲ್ಲ. ಗಾಡಿ ಎಮಿಷನ್ ಟೆಸ್ಟ್‌ಗೆ ಇವತ್ತೇ ಲಾಸ್ಟ್ ಡೇಟು. ಸಿಕ್ಕಾಕೊಂಡ್ರೆ ಬಿಡಲ್ಲ."