ಸತ್ಯಾಂಶ: ಚೀನಾದ ಸುಂಕ ಇಲಾಖೆಯಲ್ಲಿದ್ದ ಅಮೆರಿಕನ್ನರು ಯಾರ ನೌಕರರು?

ಚಿಂಗ್ ಸಾಮ್ರಾಜ್ಯದ ಕಾಲದಲ್ಲಿ ಚೀನಾದ ಬಂದರು ಸುಂಕವನ್ನು ವಿದೇಶಿಯರೇ ವಸೂಲಿ ಮಾಡಿ ನೇರವಾಗಿ ತಮ್ಮ ದೇಶಗಳಿಗೆ ಸಾಗಿಸುತ್ತಿದ್ದರು, ಅಲ್ಲಿದ್ದ ಅಮೆರಿಕನ್ನರು ಅಮೆರಿಕ ಸರ್ಕಾರದ ಅಧಿಕಾರಿಗಳಾಗಿದ್ದರು ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

ಅದರಲ್ಲಿ ಸತ್ಯದ ಎಳೆಯೊಂದು ಇದೆ, ಒಪ್ಪಬೇಕು. ಯುದ್ಧದಲ್ಲಿ ಸೋತು ಚೀನಾ ವಿದೇಶಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು ಸುಂಕದ ದರವನ್ನು ಸುಮಾರು ಶೇ 5ಕ್ಕೆ ಕಟ್ಟಿಹಾಕಿದ್ದವು. ವಿದೇಶಿಯರ ವಿರುದ್ಧ ನಡೆದ ಬಾಕ್ಸರ್ ದಂಗೆಯ ನಂತರ 1901ರಲ್ಲಿ ಚೀನಾದ ಮೇಲೆ ಹೇರಿದ 45 ಕೋಟಿ ಟೇಲ್ (ಚೀನಾದ ತೂಕದ ಅಳತೆ) ಬೆಳ್ಳಿಯ ಪರಿಹಾರಕ್ಕೂ ಈ ಸುಂಕದ ಆದಾಯವನ್ನು ಆಧಾರವಾಗಿ ಇಡಲಾಯಿತು.

ಆದರೆ ನೌಕರಿ ಯಾರದು ಎಂಬುದು ಬೇರೆಯೇ ಪ್ರಶ್ನೆ. ಹೋಸಿಯಾ ಬ್ಯಾಲೂ ಮೋರ್ಸ್ ಅವರನ್ನೇ ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆದು, 1874ರಲ್ಲಿ ಹಾರ್ವರ್ಡ್ ಪದವಿ ಮುಗಿಸಿ, ಮೂವರು ಸಹಪಾಠಿಗಳೊಂದಿಗೆ ಚೀನಾದ ಸುಂಕ ಇಲಾಖೆಗೆ ಸೇರಿದ ಅವರು 1909ರಲ್ಲಿ ನಿವೃತ್ತರಾಗುವವರೆಗೂ ಚಿಂಗ್ ಸರ್ಕಾರದ ಸಂಬಳದ ನೌಕರರೇ ಆಗಿದ್ದರು. ಇಲಾಖೆಯ ಮುಖ್ಯಸ್ಥ ರಾಬರ್ಟ್ ಹಾರ್ಟ್ ಬ್ರಿಟಿಷ್ ಪ್ರಜೆಯಾದರೂ ಉತ್ತರ ಕೊಡಬೇಕಿದ್ದದ್ದು ಬೀಜಿಂಗ್‌ನ ಆಡಳಿತಕ್ಕೆ.

ಇನ್ನು ಹಣದ ಮಾತು. 1911ಕ್ಕೆ ಮೊದಲು ಮೋರ್ಸ್ ಅವರಂಥ ಕಮಿಷನರ್‌ಗಳ (ಬಂದರಿನ ಸುಂಕ ಕಚೇರಿಯ ಮುಖ್ಯಸ್ಥರ) ಕೈಗೆ ಸಾಮಾನ್ಯವಾಗಿ ಸುಂಕದ ಹಣ ಬರುತ್ತಲೇ ಇರಲಿಲ್ಲ: ಅವರ ಕಚೇರಿ ಸರಕನ್ನು ಪರಿಶೀಲಿಸಿ ಸುಂಕದ ಲೆಕ್ಕದ ಚೀಟಿ ಕೊಡುತ್ತಿತ್ತು, ವ್ಯಾಪಾರಿಯು ಆ ಚೀಟಿ ಹಿಡಿದು ಚೀನೀ ಸುಂಕಾಧಿಕಾರಿಯ ಅಧೀನದಲ್ಲಿದ್ದ ಬ್ಯಾಂಕಿನಲ್ಲಿ ಬೆಳ್ಳಿ ಕಟ್ಟಿ, ರಸೀದಿ ತಂದು ತೋರಿಸಿದ ಮೇಲಷ್ಟೇ ಸರಕು ಬಿಡುಗಡೆಯಾಗುತ್ತಿತ್ತು.